ಗೋಡೆಯೊಳಗಿನ ದುಡ್ಡು

ಆ ಮನೆಯನ್ನು ನಾವು ಮೊದಲು ನೋಡಿದ್ದು 2017ರ ಫೆಬ್ರುವರಿಯ ಒಂದು ಭಾನುವಾರ. ಮೈಸೂರಿನ ಚಾಮುಂಡಿಪುರಂ ಕಡೆಯ ಅಡ್ಡರಸ್ತೆ, 20×40ರ ಸೈಟು. ಮುಂದುಗಡೆ ಆರ್‌ಸಿಸಿ ತಾರಸಿಯ ನಾಲ್ಕು ಚದರದ ಮನೆ, ಹಿಂದುಗಡೆ ಮಂಗಳೂರು ಹೆಂಚಿನ ಎರಡೂವರೆ ಚದರದ ಸಣ್ಣ ಬಿಡಾರ, ನಡುವೆ ಒಂದು ತುಳಸಿಕಟ್ಟೆ. ಗೋಡೆಗಳಿಗೆ ಹೊಸದಾಗಿ ಬಳಿದ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಡುಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅದು ನನ್ನ ಸೊಂಟದ ಮಟ್ಟಕ್ಕಿತ್ತು.

ಕ್ಯಾಲೆಂಡರನ್ನು ಯಾರೂ ಅಷ್ಟು ಕೆಳಗೆ ಹಾಕುವುದಿಲ್ಲ. ಎದ್ದ ತಕ್ಷಣ ಏಕಾದಶಿ ಯಾವತ್ತು, ಅಮಾವಾಸ್ಯೆ ಯಾವತ್ತು ಎಂದು ನಿಂತು ನೋಡುವ ವಸ್ತು ಅದು. ನಾನು ಬಗ್ಗಿ ಅದನ್ನು ಮೆಲ್ಲಗೆ ಎತ್ತಿದೆ. ಹಿಂದೆ ಊಟದ ತಟ್ಟೆಯಷ್ಟು ಅಗಲಕ್ಕೆ ಗಾರೆ ಉಬ್ಬಿಕೊಂಡಿತ್ತು. ಹೊಸ ಬಣ್ಣ ಅಲ್ಲಿ ಹಪ್ಪಳದಂತೆ ಗುಳ್ಳೆಯೆದ್ದಿತ್ತು, ಅಂಚಿನಲ್ಲಿ ಬಿಳಿಯ ಸವುಳು ಮೂಡಿತ್ತು. ಬೆರಳು ತಾಗಿಸಿದರೆ ಉಪ್ಪಿನ ಹುಡಿ ಉದುರಿತು.

ಮನೆ ತೋರಿಸಲು ಬಂದಿದ್ದ ಬ್ರೋಕರ್ ಕೂಡಲೇ ಹೇಳಿದರು: “ಅದೇನಿಲ್ಲ ಮೇಡಂ, ಇನ್ನೊಂದು ಕೋಟ್ ಬಣ್ಣ ಹೊಡೆಸಿದ್ರೆ ಆಯ್ತು. ನೀವೇನು ಇಲ್ಲಿ ಇರೋಕೆ ಬರ್ತೀರಾ? ಬಾಡಿಗೆ ಮನೆಗೆ ಇಷ್ಟು ಸಾಕು.”

ಈ ಕೊನೆಯ ಮಾತನ್ನು ನಾನು ಅಂದೇ ಮೊದಲು ಕೇಳಿದ್ದಲ್ಲ. ನನ್ನ ಬಾಲ್ಯವೆಲ್ಲ ಆ ಮಾತಿನ ಕೆಳಗೆ ಕಳೆದದ್ದು. ಬೆಂಗಳೂರಿನ ಹನುಮಂತನಗರದ ಒಂದು ವಠಾರದಲ್ಲಿ ನಾವಿದ್ದೆವು. ಎಂಟು ಮನೆಗೆ ಎರಡು ಪಾಯಿಖಾನೆ, ಒಂದು ನಲ್ಲಿ. ಅಪ್ಪ ಅಂಚೆ ಇಲಾಖೆಯಲ್ಲಿದ್ದರು. ನಮ್ಮ ಬಚ್ಚಲುಮನೆಯ ಸ್ವಿಚ್ಚನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಅದಕ್ಕಾಗಿಯೇ ಅಮ್ಮ ಬಾಗಿಲ ಪಕ್ಕ ಒಂದು ಹಲಸಿನ ಮರದ ಮಣೆ ಇಟ್ಟಿದ್ದಳು. ಬೆಳಗಿನ ಜಾವ ನೀರು ಕಾಯಿಸುವ ಕಾಯಿಲ್ ಹಾಕುವಾಗ ಆ ಮಣೆಯ ಮೇಲೆ ನಿಂತು, ಸೆರಗಿನಲ್ಲಿ ಬೆರಳು ಸುತ್ತಿಕೊಂಡು ಸ್ವಿಚ್ಚು ಒತ್ತುತ್ತಿದ್ದಳು. “ನೀವು ಯಾರೂ ಮುಟ್ಟಬೇಡಿ, ನಾನೇ ಹಾಕ್ತೀನಿ” ಎನ್ನುತ್ತಿದ್ದಳು. ವೈರು ಬದಲಾಯಿಸಿಕೊಡಿ ಎಂದು ಅಪ್ಪ ಮನೆಯ ಮಾಲೀಕರನ್ನು ಎರಡು ಬಾರಿ ಕೇಳಿದ್ದು ನನಗೆ ನೆನಪಿದೆ. ಎರಡನೆಯ ಸಲ ಅವರು ಹೇಳಿದ್ದು ಇದೇ ಮಾತು. ಅಪ್ಪ ಸುಮ್ಮನೆ ಹಿಂದಿರುಗಿದರು. ಮಣೆ ಅಲ್ಲೇ ಉಳಿಯಿತು.

ಹಾಗಿದ್ದೂ ನಾನು ಬಾಡಿಗೆ ಮನೆಯ ಮಾಲೀಕಳಾಗಲು ಹೊರಟಿದ್ದೇಕೆ? ಕಾರಣ ಸರಳವಾಗಿದೆ. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ, ಕೆಲಸಕ್ಕೆ ಸೇರಿದ್ದು 2008ರಲ್ಲಿ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಅದರ ಬದಲಿಗೆ ಬಂದದ್ದು ಎನ್‌ಪಿಎಸ್. ಅಪ್ಪನಿಗೆ ತಿಂಗಳಾ ತಿಂಗಳಾ ಬರುತ್ತಿದ್ದ ಪಿಂಚಣಿಯಿಂದ ಅಮ್ಮನ ಔಷಧಿ, ನಮ್ಮ ಬಾಣಂತನ, ಮೊಮ್ಮಕ್ಕಳ ಹುಟ್ಟುಹಬ್ಬ ಎಲ್ಲ ನಡೆದದ್ದನ್ನು ನೋಡಿದವಳು ನಾನು. ನಮ್ಮವರು ಮುದ್ರಣಾಲಯದಲ್ಲಿ ಕೆಲಸ ಮಾಡುವವರು, ಅವರಿಗೂ ಪಿಂಚಣಿಯ ಮಾತಿಲ್ಲ. ಅರವತ್ತರ ನಂತರ ತಿಂಗಳಿಗೊಮ್ಮೆ ಕೈಗೆ ಬರುವ ಒಂದಿಷ್ಟು ಹಣಕ್ಕೆ ಈಗಲೇ ದಾರಿ ಮಾಡಬೇಕೆಂದು ಇಬ್ಬರೂ ಕೂತು ಯೋಚಿಸಿದೆವು. ಹೂಡಿಕೆ ಎಂಬ ದೊಡ್ಡ ಮಾತು ನಮ್ಮ ಮನೆಯಲ್ಲಿ ಬಳಕೆಯಾಗಲೇ ಇಲ್ಲ. “ಮುಪ್ಪಿಗೆ ಒಂದು ಆಸರೆ” ಎಂದೇ ಮಾತಾಡಿಕೊಂಡೆವು.

ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಹೊಸದಾಗಿ ಹೊರಡುವವರಿಗೆ ಉಪಯೋಗವಾದೀತು. ಮನೆಯ ಬೆಲೆ 32 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು, ಸರ್ಚಾರ್ಜು, ಆಗಿನ ಶೇ. 1ರ ನೋಂದಣಿ ಶುಲ್ಕ, ಎಲ್ಲ ಸೇರಿ ಎರಡು ಲಕ್ಷದ ಮೇಲೆ ಹತ್ತು ಸಾವಿರ. ರಿಪೇರಿಗೆ ಕೊನೆಗೆ ತಗುಲಿದ್ದು ಆರೂವರೆ ಲಕ್ಷ. ಒಟ್ಟು 40 ಲಕ್ಷ 60 ಸಾವಿರ. ಇದರಲ್ಲಿ 20 ಲಕ್ಷ ಬ್ಯಾಂಕಿನ ಸಾಲ, ಶೇ. 8.5ರ ಬಡ್ಡಿ, 20 ವರ್ಷ, ತಿಂಗಳ ಕಂತು 17,356 ರೂಪಾಯಿ. ಉಳಿದದ್ದು ಹನ್ನೆರಡು ವರ್ಷ ಕೂಡಿಟ್ಟ ಹಣ, ಎರಡು ಚೀಟಿ ಮತ್ತು ನನ್ನ ನಾಲ್ಕು ಬಳೆ.

ಬಂದ ಬಾಡಿಗೆ ಮುಂದಿನ ಮನೆಗೆ 8,000, ಹಿಂದಿನದಕ್ಕೆ 5,500. ವರ್ಷದಲ್ಲಿ ಒಂದು ತಿಂಗಳು ಖಾಲಿ ಬೀಳುತ್ತದೆಂದೇ ಹಿಡಿಯಬೇಕು. ಹನ್ನೊಂದು ತಿಂಗಳಿಗೆ 1,48,500. ಅದರಲ್ಲಿ ಕಂದಾಯ, ಸಣ್ಣಪುಟ್ಟ ರಿಪೇರಿ ಕಳೆದರೆ ಕೈಗೆ ಉಳಿಯುವುದು 1,32,500. ಹಾಕಿದ ದುಡ್ಡಿಗೆ ಅದು ಶೇ. 3¼ರ ಆಸುಪಾಸು. ಆಗ ಬ್ಯಾಂಕಿನ ಠೇವಣಿಗೇ ಇದಕ್ಕಿಂತ ಹೆಚ್ಚು ಬಡ್ಡಿ ಸಿಗುತ್ತಿತ್ತು. ಎರಡೂ ಮನೆಯ ಬಾಡಿಗೆ ಸೇರಿದರೂ ಸಾಲದ ಕಂತು ತುಂಬುವುದಿಲ್ಲ, ತಿಂಗಳಿಗೆ ನಾಲ್ಕು ಸಾವಿರದಷ್ಟು ಸಂಬಳದಿಂದ ಸೇರಿಸಬೇಕು. ಬಾಡಿಗೆಯಿಂದಲೇ ಸಾಲ ತೀರುತ್ತದೆ ಎಂದು ಯಾರಾದರೂ ಹೇಳಿದರೆ ಒಂದು ಕಾಗದ, ಒಂದು ಪೆನ್ನು ತೆಗೆದುಕೊಂಡು ಅವರೆದುರೇ ಲೆಕ್ಕ ಹಾಕಿ. ಇಪ್ಪತ್ತು ವರ್ಷ ತಾಳ್ಮೆಯಿಂದ ಕಟ್ಟಿ, ಸಾಲ ಮುಗಿದ ಮೇಲೆ ಬರುವ ಬಾಡಿಗೆಯ ಮೇಲೆ ಕಣ್ಣಿಟ್ಟವರಿಗೆ ಮಾತ್ರ ಇದು ಹಿಡಿಸುವ ದಾರಿ.

ಕ್ಯಾಲೆಂಡರಿನ ಹಿಂದಿನದನ್ನು ನೋಡಿಯೂ ನಾವು ಮನೆಯನ್ನು ಬಿಡಲಿಲ್ಲ. ತಳಪಾಯದ ಸೈಜುಗಲ್ಲು ಗಟ್ಟಿಯಿತ್ತು, ಗೋಡೆಗಳಲ್ಲಿ ಓರೆ ಬಿರುಕು ಇರಲಿಲ್ಲ, ಬಸ್ಸು ಮಾರುಕಟ್ಟೆ ಎರಡೂ ಹತ್ತಿರ. ಆದರೆ ಗೋಡೆಯನ್ನು ನಂಬಬಾರದೆಂಬ ಎಚ್ಚರ ಮೂಡಿದ ಮೇಲೆ ಕಾಗದವನ್ನೂ ಸುಮ್ಮನೆ ನಂಬಲಾಗಲಿಲ್ಲ. ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಋಣಭಾರ ಪತ್ರ (ಇಸಿ) ಎಲ್ಲವನ್ನೂ ವಕೀಲರ ಮುಂದಿಟ್ಟೆವು. ಮಾರುತ್ತಿದ್ದವರು ಮೂವರು ಅಣ್ಣತಮ್ಮಂದಿರು, ತಂದೆಯಿಂದ ಬಂದ ಮನೆ. ವಕೀಲರು ವಂಶವೃಕ್ಷ ತರಿಸಿದರು. ಅದರಲ್ಲಿ ನಾಲ್ಕನೆಯ ಹೆಸರೊಂದಿತ್ತು, ನಂಜನಗೂಡಿಗೆ ಕೊಟ್ಟ ತಂಗಿಯದು.

“ಅವಳ ಮದುವೆ ಮಾಡಿಕೊಟ್ಟಾಗಿದೆ ಸಾರ್, ಅವಳಿಗೇನೂ ಬೇಕಿಲ್ಲ” ಎಂದರು ಹಿರಿಯಣ್ಣ.

“ಬೇಕಿಲ್ಲ ಅನ್ನೋದನ್ನ ಅವರೇ ಬಂದು ಹೇಳಲಿ” ಎಂದರು ವಕೀಲರು. ನಮ್ಮ ಕಡೆ ತಿರುಗಿ ವಿವರಿಸಿದರು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅವರ ಸ್ವಯಾರ್ಜಿತದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮಗಳಿಗೂ ಮಗನಷ್ಟೇ ಪಾಲು. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿಯ ನಂತರ ಮಗಳಿಗೆ ಸಮಪಾಲು. ಆಕೆಯ ಸಹಿಯಿಲ್ಲದೆ ಕೊಂಡರೆ ನಾಳೆ ಆಕೆಯೋ ಆಕೆಯ ಮಕ್ಕಳೋ ಕೋರ್ಟಿಗೆ ಬರಬಹುದು, ಬಂದರೆ ನ್ಯಾಯ ಅವರ ಕಡೆಗಿರುತ್ತದೆ.

ನಾಲ್ಕು ತಿಂಗಳು ಕಾದೆವು. ಕೊನೆಗೆ ಜೂನ್‌ನಲ್ಲಿ ಆಕೆ ಬಂದರು, ತಮ್ಮ ಪಾಲಿನ ಡಿಡಿ ತೆಗೆದುಕೊಂಡು ಸಹಿ ಹಾಕಿದರು. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ನೇರ ಮನೆಗೆ ಬಂದು ಒಂದು ಸುತ್ತು ನೋಡಿ, ತುಳಸಿಕಟ್ಟೆಯ ಹತ್ತಿರ ನಿಂತರು. “ಇದೊಂದನ್ನ ಕೀಳಬೇಡಿ ತಾಯೀ” ಎಂದರು. ನಾನು ಮಾತು ಕೊಟ್ಟೆ. ಅಣ್ಣಂದಿರ ಮಾತು ನಂಬಿ ಆ ಹೆಸರನ್ನು ದಾಟಿ ಹೋಗಿದ್ದರೆ ನಮಗೆ ನಾಲ್ಕು ತಿಂಗಳು ಉಳಿಯುತ್ತಿತ್ತು. ಆದರೆ ಒಬ್ಬ ಹೆಣ್ಣುಮಗಳ ಪಾಲು ನಮ್ಮ ಗೋಡೆಯೊಳಗೆ ಹೂತುಹೋಗುತ್ತಿತ್ತು.

ಇನ್ನು ರಿಪೇರಿ. ನಮಗೆ ಸಿಕ್ಕ ಮೇಸ್ತ್ರಿ ಅರವತ್ತು ದಾಟಿದವರು, ಅವರ ತಂದೆಯೂ ಗಾರೆ ಕೆಲಸದವರೇ. ಬಂದವರು ಟೇಪು ಹಿಡಿಯಲಿಲ್ಲ, ರೇಟು ಹೇಳಲಿಲ್ಲ. ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟುತ್ತ ಕಿವಿಗೊಟ್ಟು ನಡೆದರು. ಗಟ್ಟಿಯಿದ್ದ ಕಡೆ ಠಣ್ ಎನ್ನುತ್ತಿದ್ದ ಗೋಡೆ ಸೊಂಟದಿಂದ ಕೆಳಗೆ ಡೊಬ್ ಎನ್ನುತ್ತಿತ್ತು. “ಬಣ್ಣಕ್ಕೆ ಅವಸರ ಮಾಡ್ಬೇಡಿಯಮ್ಮ. ಗೋಡೆ ಒಳ್ಗೆ ಏನದೆ ಅಂತ ಮೊದ್ಲು ನೋಡವ” ಎಂದರು.

ಆಮೇಲೆ ಅವರು ಮಾಡಿದ್ದನ್ನು ನಾನು ಇಂದಿಗೂ ನನ್ನ ಮಕ್ಕಳಿಗೆ ವಿಜ್ಞಾನದ ಪಾಠದಲ್ಲಿ ಹೇಳುತ್ತೇನೆ. ಬಟ್ಟೆಗೆ ಹಾಕುವ ನೀಲಿಯ ಒಂದು ಸೀಸೆ ತರಿಸಿದರು. ಎರಡು ಬಕೆಟ್ ನೀರಿಗೆ ಅದನ್ನು ಕಲಸಿ, ಬಚ್ಚಲಿನ ನಹಾನಿ ಟ್ರ್ಯಾಪಿಗೆ ಚಿಂದಿ ತುರುಕಿ, ನೆಲದ ಮೇಲೆ ಆ ನೀಲಿ ನೀರನ್ನು ನಿಲ್ಲಿಸಿದರು. ನಲ್ಲಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿಸಿ, ಹೊರಗಿನ ನೀರಿನ ಮೀಟರನ್ನು ನೋಡಿ ಬರಲು ನನ್ನನ್ನು ಕಳಿಸಿದರು. ಒಂದು ತೊಟ್ಟು ನೀರೂ ಬಳಕೆಯಾಗದಿದ್ದರೂ ಮೀಟರಿನ ಸಣ್ಣ ಮುಳ್ಳು ಮೆಲ್ಲಗೆ ತಿರುಗುತ್ತಿತ್ತು. ಮರುದಿನ ಬೆಳಿಗ್ಗೆ ಬೀಗ ತೆಗೆದಾಗ ನಡುಮನೆಯ ಗೋಡೆಯಲ್ಲಿ, ಆ ಕ್ಯಾಲೆಂಡರ್ ತೂಗುತ್ತಿದ್ದ ಜಾಗದಲ್ಲೇ, ತಿಳಿನೀಲಿ ಬಣ್ಣ ಒಂದು ಊರಿನ ನಕ್ಷೆಯಂತೆ ಹರಡಿತ್ತು.

ಕಾಯಿಲೆ ಎರಡಿದ್ದವು. ಬಚ್ಚಲಿನ ನೆಲ ಒಡೆದು ಬಳಸಿದ ನೀರು ಗೋಡೆಯ ಬುಡಕ್ಕೆ ಇಳಿಯುತ್ತಿತ್ತು. ಗೋಡೆಯೊಳಗಿನ ಹಳೆಯ ಜಿಐ ಪೈಪು ತುಕ್ಕು ತಿಂದು, ಸೂಜಿಮೊನೆಯಷ್ಟು ತೂತಿನಿಂದ ಹಗಲಿರುಳು ಜಿನುಗುತ್ತಿತ್ತು. ಇದರ ಮೇಲೆ ಹಿಂದಿನವರು ಮಾಡಿದ ಉಪಚಾರವೇ ಮೂರನೆಯ ಕಾಯಿಲೆಯಾಗಿತ್ತು. ಅದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ. ಹಿಂದೆ ಅದಕ್ಕಿದ್ದ ಸುಣ್ಣದ ಗಾರೆ ತೇವವನ್ನು ಎಳೆದುಕೊಂಡರೂ ಬಿಸಿಲು ಗಾಳಿಗೆ ಹೊರಗೆ ಬಿಟ್ಟುಕೊಡುತ್ತಿತ್ತು. ಒದ್ದೆ ಕಂಡಲ್ಲೆಲ್ಲ ಸಿಮೆಂಟು ಮೆತ್ತಿದ್ದರಿಂದ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಒಳಗೊಳಗೇ ಮೇಲಕ್ಕೇರಿತು. ಏರಿದಲ್ಲೆಲ್ಲ ಉಪ್ಪನ್ನು ಹೊತ್ತುಕೊಂಡು ಹೋಯಿತು. ಬಣ್ಣದ ಮೇಲೆ ಬಣ್ಣ ಬಳಿದದ್ದು ಆ ದಾರಿಯನ್ನು ಇನ್ನಷ್ಟು ಮುಚ್ಚಿತು.

“ನಾಕಡಿ ಎತ್ತರಕ್ಕೆ ಸಿಮೆಂಟ್ ಎಲ್ಲ ಕೆತ್ತಾಕಿ ಬುಟ್ಬುಡವ. ಮಳೆ ಮುಗಿದ್ಮೇಲೆ ಎರಡು ತಿಂಗ್ಳು ಒಣಗ್ಲಿ. ಆಮೇಲೆ ಸುಣ್ಣದ ಗಾರೆ ಮಾಡ್ಕೊಡ್ತೀನಿ.”

ಎರಡು ತಿಂಗಳು ಗೋಡೆ ಒಣಗಲು ಬಿಡುವುದೆಂದರೆ ಎರಡು ತಿಂಗಳು ಬಾಡಿಗೆ ಇಲ್ಲದಿರುವುದು. ಮಳೆಗಾಲ, ಒಣಗುವ ಕಾಲ, ಕೆಲಸದ ಕಾಲ ಎಲ್ಲ ಸೇರಿ ಎಂಟು ಕಂತುಗಳನ್ನು ನಾವು ಒಂದು ರೂಪಾಯಿ ಬಾಡಿಗೆ ಕಾಣದೆ ಕಟ್ಟಿದೆವು, ಹತ್ತಿರ ಹತ್ತಿರ 1 ಲಕ್ಷ 39 ಸಾವಿರ. ಹಳೆಯ ಮನೆ ಕೊಳ್ಳುವವರು ಈ ಬರಿಗೈ ತಿಂಗಳುಗಳ ಕಂತನ್ನು ಮೊದಲೇ ಎತ್ತಿಟ್ಟುಕೊಳ್ಳಬೇಕು. ಇಲ್ಲವಾದರೆ ಹಸಿ ಗೋಡೆಯ ಮೇಲೆಯೇ ಬಣ್ಣ ಬಳಿದು ‘ಮನೆ ಬಾಡಿಗೆಗೆ ಇದೆ’ ಎಂದು ಬೋರ್ಡು ತೂಗುಹಾಕುವ ಆಸೆ ಬಂದುಬಿಡುತ್ತದೆ. ಹಿಂದಿನವರಿಗೂ ಹೀಗೇ ಆಗಿರಬೇಕು. ಕೆಟ್ಟ ಮನಸ್ಸಿಗಿಂತ ಖಾಲಿ ಕೈಯೇ ಅನೇಕ ಗೋಡೆಗಳನ್ನು ಹಾಳು ಮಾಡಿದೆ ಎಂದು ನನಗೆ ಅನ್ನಿಸುತ್ತದೆ.

ಕೆಲಸ ಶುರುವಾದಾಗ ಮೇಸ್ತ್ರಿ ಒಂದು ಕ್ರಮ ಹಾಕಿಕೊಟ್ಟರು: ಮೊದಲು ಮಾಡು, ಆಮೇಲೆ ನೀರು, ಆಮೇಲೆ ಕರೆಂಟು, ಆಮೇಲೆ ಗಾರೆ, ಆಮೇಲೆ ನೆಲ, ಕಟ್ಟಕಡೆಗೆ ಬಣ್ಣ. ಹಿಂದಿನ ಬಿಡಾರದ ಹೆಂಚು ಇಳಿಸಿದಾಗ ರೀಪುಗಳಲ್ಲಿ ಅರ್ಧಕ್ಕರ್ಧವನ್ನು ಗೆದ್ದಲು ತಿಂದಿತ್ತು. ಹೆಂಚು ಮಾತ್ರ ಚೆನ್ನಾಗಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ಕೆಂಪು ಹೆಂಚು ನಮ್ಮ ನಾಡಿನ ಮನೆಗಳ ನೆತ್ತಿ ಕಾಯುತ್ತ ಬಂದಿದೆ. ಒಡೆದವನ್ನು ಬಿಟ್ಟು ಉಳಿದವನ್ನು ತೊಳೆದು, ಕಡಿಮೆ ಬಿದ್ದವನ್ನು ಹಳೇ ಸಾಮಾನಿನ ಅಂಗಡಿಯಿಂದ ತಂದು ಮತ್ತೆ ಹೊದಿಸಿದರು. ಅಡುಗೆಯ ಜಾಗ ಕತ್ತಲೆಯಾಗಿತ್ತೆಂದು ಒಲೆಕಟ್ಟೆಯ ನೇರಕ್ಕೆ ಎರಡು ಗಾಜಿನ ಹೆಂಚು ಹಾಕಿಸಿದೆ. ಹಗಲಲ್ಲಿ ದೀಪ ಹಾಕದೆ ಅಕ್ಕಿ ಆರಿಸಬಹುದಾದಷ್ಟು ಬೆಳಕು ಬಂತು.

ಬಚ್ಚಲಿನ ನೆಲವನ್ನು ಪೂರ್ತಿ ಅಗೆದು, ಅಡಿಗೆ ಕಾಲಿಂಚು ಇಳಿಜಾರು ಕೊಟ್ಟು, ನೀರು ತಡೆಯುವ ಲೇಪ ಹಾಕಿದರು. ಟೈಲ್ಸ್ ಹಾಕುವ ಮೊದಲು ಟ್ರ್ಯಾಪು ಮುಚ್ಚಿ ಎರಡಿಂಚು ನೀರು ನಿಲ್ಲಿಸಿ, ಗೋಡೆಗೆ ಸೀಮೆಸುಣ್ಣದಿಂದ ಗೆರೆ ಎಳೆದು ಎರಡು ದಿನ ಬಿಟ್ಟರು. ನೀರು ಗೆರೆ ಬಿಟ್ಟು ಇಳಿಯಲಿಲ್ಲ. ಹೊಸ ಮನೆ ಕಟ್ಟುವವರಿಗೂ ಇದನ್ನೇ ಹೇಳುತ್ತೇನೆ: ಆ ಎರಡು ದಿನವನ್ನು ಯಾರಿಗೂ ಬಿಟ್ಟುಕೊಡಬೇಡಿ.

ಕರೆಂಟಿನ ಕೆಲಸಕ್ಕೆ ಬಂದ ಹುಡುಗ ಒಳ್ಳೆಯವನೇ. ಆದರೆ ಅವನೂ ಆ ಮಾತು ಆಡಿದ. “ಅರ್ತಿಂಗ್ ಹೊಸದಾಗಿ ಯಾಕೆ ಅಕ್ಕಾ, ದುಡ್ಡು ದಂಡ. ಬಾಡಿಗೆ ಮನೆಗೆ ಇಷ್ಟು ಸಾಕು.” ನಾನು ಅವನಿಗೆ ಅಮ್ಮನ ಮಣೆಯ ಕಥೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ ಅಕ್ಕಾ, ಎಲ್ಲ ತೆಗೆದು ಹೊಸದಾಗಿ ಎಳೀತೀನಿ” ಎಂದ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಂತಿ ಹಾಕಿದ. ಮನೆಯ ಹಿಂದೆ ಗುಂಡಿ ತೋಡಿ ಹೊಸ ಅರ್ತಿಂಗ್ ಮಾಡಿದ. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿದುಬಿಡುವ ಆರ್‌ಸಿಸಿಬಿ ಎರಡೂ ಮನೆಗೆ ಕೂರಿಸಿದ. ಮುಗಿಸಿದ ದಿನ ಅದರ ಪರೀಕ್ಷೆಯ ಗುಂಡಿ ಒತ್ತಿ ತೋರಿಸಿದ. ಟಕ್ ಎಂದು ಮನೆಯ ದೀಪವೆಲ್ಲ ಆರಿತು. ಆ ಟಕ್ ಎಂಬ ಸದ್ದು ಕೇಳಿ ನನ್ನ ಕಣ್ಣು ತುಂಬಿ ಬಂತು. ಅಮ್ಮ ಅಷ್ಟು ವರ್ಷ ಮಣೆಯ ಮೇಲೆ ನಿಲ್ಲಬೇಕಾಗಿರಲಿಲ್ಲ.

ಎರಡು ಮನೆಗೂ ಬೇರೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ ಮಾಡಿಸಿದೆವು. ಖರ್ಚು ಬಿತ್ತು, ಓಡಾಟವೂ ಆಯಿತು. ಆದರೆ 2023ರಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದಾಗ ಬೇರೆ ಮೀಟರಿನ ಬೆಲೆ ತಿಳಿಯಿತು. ಬಾಡಿಗೆದಾರರಿಗೂ ಆ ಯೋಜನೆ ಅನ್ವಯವಾಗುತ್ತದೆ. ಎರಡೂ ಮನೆಯವರು ತಮ್ಮ ತಮ್ಮ ಮೀಟರಿನ ಮೇಲೆ ಅರ್ಜಿ ಹಾಕಿ ಪಡೆದುಕೊಂಡರು. ಒಂದೇ ಮೀಟರಿಟ್ಟು ತಿಂಗಳ ಕೊನೆಗೆ ಬಿಲ್ ಹಂಚುವ ಪದ್ಧತಿಯಲ್ಲಿ ಅದು ಆಗುತ್ತಿರಲಿಲ್ಲ.

ನೆಲದ ವಿಷಯದಲ್ಲಿ ಎಲ್ಲರೂ ಟೈಲ್ಸ್ ಹಾಕಿಸಿ ಎಂದರು. ಮುಂದಿನ ಮನೆಯದು ರೆಡ್ ಆಕ್ಸೈಡಿನ ನೆಲ. ಮೇಸ್ತ್ರಿ ಒಂದು ಮೂಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೋರಿಸಿದರು. ಧೂಳಿನಡಿಯಿಂದ ದಾಳಿಂಬೆಯ ಬಣ್ಣ ಎದ್ದು ಬಂತು. “ಈ ಕೈಕೆಲ್ಸ ಇವತ್ತು ಮಾಡೋರಿಲ್ಲಮ್ಮ” ಎಂದರು. ಬಿರುಕುಗಳಿಗೆ ಅದೇ ಬಣ್ಣದ ಗಾರೆ ತುಂಬಿ, ನುಣ್ಣಗೆ ಉಜ್ಜಿ, ಕೊಬ್ಬರಿ ಎಣ್ಣೆ ಸವರಿ ಉಳಿಸಿಕೊಂಡೆವು. ದುಡ್ಡೂ ಉಳಿಯಿತು, ಬೇಸಿಗೆಯಲ್ಲಿ ಬರಿಮೈಯಲ್ಲಿ ಮಲಗಬಹುದಾದ ತಣ್ಣನೆಯ ನೆಲವೂ ಉಳಿಯಿತು.

ಮೊದಲ ಅಂದಾಜು ನಾಲ್ಕೂವರೆ ಲಕ್ಷವಿತ್ತು, ಮುಗಿದದ್ದು ಆರೂವರೆಗೆ. ಪೈಪು, ಚರಂಡಿ, ಬಚ್ಚಲಿಗೆ 1,70,000. ಗೋಡೆ ಕೆತ್ತಿ ಗಾರೆ ಮಾಡಿದ್ದಕ್ಕೆ 1,20,000. ಕರೆಂಟಿಗೆ 85,000. ಹೆಂಚಿನ ಮಾಡಿಗೆ 75,000. ಇವಿಷ್ಟೇ ನಾಲ್ಕೂವರೆ ಲಕ್ಷ, ಎಲ್ಲವೂ ಕಣ್ಣಿಗೆ ಕಾಣದ ಜಾಗಕ್ಕೆ ಹೋದದ್ದು. ಬಾಗಿಲು, ಕಿಟಕಿ, ಅಡುಗೆಕಟ್ಟೆ, ನೆಲ, ಬಣ್ಣ ಎಂದು ಬಂದವರು ನೋಡಿ ಮೆಚ್ಚುವುದಕ್ಕೆ ಉಳಿದದ್ದು ಎರಡು ಲಕ್ಷ. ನೆಂಟರು ಬಂದು “ಆರೂವರೆ ಲಕ್ಷ ಎಲ್ಲಿ ಹಾಕಿದಿರಿ?” ಎಂದು ಸುತ್ತ ನೋಡಿದಾಗ ತೋರಿಸುವುದಕ್ಕೆ ನಮ್ಮಲ್ಲಿ ಏನೂ ಇರಲಿಲ್ಲ. ದುಡ್ಡು ಗೋಡೆಯೊಳಗಿತ್ತು. ಮೇಸ್ತ್ರಿಯ ಕೊನೆಯ ಕಂತನ್ನು ಒಂದು ದೊಡ್ಡ ಮಳೆ ಬಂದ ಮೇಲೆ ಕೊಡುವುದೆಂದು ಮೊದಲೇ ಮಾತಾಗಿತ್ತು. ಹಾಗೆ ಕೇಳಿದ್ದಕ್ಕೆ ಅವರು ಬೇಸರ ಪಟ್ಟುಕೊಳ್ಳಲಿಲ್ಲ. “ನಂಗೂ ನೋಡ್ಬೇಕಲ್ಲ” ಎಂದಿದ್ದರು.

2018ರ ಮಾರ್ಚಿನಲ್ಲಿ ಬೋರ್ಡು ಹಾಕಿದೆವು. ಜನರನ್ನು ಕರೆತಂದ ಬ್ರೋಕರ್ ನನ್ನನ್ನು ಪಕ್ಕಕ್ಕೆ ಕರೆದು, “ಯಾವ ಜನ ಅಂತ ಕೇಳಿಬಿಡಲಾ ಮೇಡಂ?” ಎಂದು ಪಿಸುಗುಟ್ಟಿದರು. ಬೇಡ ಎಂದೆ. ಅಪ್ಪನ ಜೊತೆ ಮನೆ ಹುಡುಕುತ್ತ ಅಲೆದ ದಿನಗಳಲ್ಲಿ ಗೇಟಿನ ಬಳಿಯೇ ಆ ಪ್ರಶ್ನೆ ಎದುರಾಗುತ್ತಿತ್ತು. ಉತ್ತರ ಹೇಳುವಾಗ ಅಪ್ಪನ ಮುಖ ಹೇಗಾಗುತ್ತಿತ್ತೆಂದು ನಾನು ಕೆಳಗಿನಿಂದ ನೋಡುತ್ತಿದ್ದೆ. ನಮ್ಮ ಮನೆಗೆ ಬರುವವರನ್ನು ನಾವು ಕೇಳುವುದು ಮೂರೇ: ಎಷ್ಟು ಜನ ಇರುತ್ತೀರಿ, ಏನು ಕೆಲಸ, ಹಿಂದಿನ ಮನೆ ಯಾಕೆ ಬಿಟ್ಟಿರಿ. ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳುತ್ತೇವೆ. ಬೇಯಿಸುವುದು ಏನು, ಪೂಜಿಸುವುದು ಯಾರನ್ನು ಎಂಬುದು ಬಾಡಿಗೆಯ ಕರಾರಿಗೆ ಸಂಬಂಧಿಸಿದ್ದಲ್ಲ.

ಕರಾರು ಹನ್ನೊಂದು ತಿಂಗಳಿನದು. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು, ಅದರಿಂದಲೇ ದೇಶದಲ್ಲೆಲ್ಲ ಈ ಹನ್ನೊಂದರ ರೂಢಿ. ಅಡ್ವಾನ್ಸಿನ ಮಾತು ಬಂದಾಗ ನಮ್ಮವರೂ ನಾನೂ ಬಹಳ ಯೋಚಿಸಿದೆವು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಮುಂಗಡ ಕೇಳುವುದು ಆಗ ಮಾಮೂಲಾಗಿತ್ತು. ವಠಾರ ಬಿಟ್ಟಾಗ ಅಪ್ಪ ತನ್ನ ಅಡ್ವಾನ್ಸ್ ವಾಪಸು ಪಡೆಯಲು ನಾಲ್ಕು ಭಾನುವಾರ ನಡೆದಿದ್ದರು. ಮಾಲೀಕರು ಸುಣ್ಣಬಣ್ಣಕ್ಕೆಂದು ಒಂದಿಷ್ಟು ಹಿಡಿದು, ಉಳಿದದ್ದನ್ನು ಚೂರುಚೂರಾಗಿ ಕೊಟ್ಟರು. ನಾವು ಮೂರು ತಿಂಗಳಿನದಷ್ಟೇ ತೆಗೆದುಕೊಂಡು, ಬಂದ 40,500 ರೂಪಾಯಿಯನ್ನು ಬೇರೆಯೇ ಠೇವಣಿಯಲ್ಲಿಟ್ಟೆವು. ಅದು ನಮ್ಮ ದುಡ್ಡಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ರಾಜ್ಯಗಳು ಅಳವಡಿಸಿಕೊಂಡಾಗಷ್ಟೇ ಅದು ಕಾನೂನಾಗುತ್ತದೆ. ಆದರೂ ಓದಿದ ಮೇಲೆ ಹೊಸದಾಗಿ ಬಂದವರಿಂದ ನಾವು ಎರಡನ್ನೇ ಪಡೆಯುತ್ತಿದ್ದೇವೆ.

ಆದಾಯ ತೆರಿಗೆಯಲ್ಲೊಂದು ನಿಯಮವಿದೆ. ಬಾಡಿಗೆ ವರಮಾನದಲ್ಲಿ ಪಾಲಿಕೆಗೆ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟುಬಿಡುತ್ತಾರೆ. ಮನೆಯ ರಿಪೇರಿಗೆ ನಿಜವಾಗಿ ಎಷ್ಟು ಖರ್ಚು ಮಾಡಿದಿರಿ ಎಂದು ರಸೀದಿ ಕೇಳುವವರಿಲ್ಲ. ನಾನು ಇದನ್ನು ಬೇರೆ ರೀತಿಯಲ್ಲಿ ಓದಿಕೊಂಡಿದ್ದೇನೆ. ಬಾಡಿಗೆಯ ಒಂದು ಪಾಲು ಮಾಲೀಕನದಲ್ಲ, ಮನೆಯದು. ಅದನ್ನು ಮನೆಗೆ ಹಾಕಿದನೋ ಇಲ್ಲವೋ ಎಂದು ನೋಡುವವರು ಯಾರೂ ಇಲ್ಲದಿರುವುದರಿಂದಲೇ ಅವನು ತಾನಾಗಿ ಹಾಕಬೇಕು. ಪ್ರತಿ ತಿಂಗಳ ಬಾಡಿಗೆಯಿಂದ ಹತ್ತರಲ್ಲೊಂದು ಪಾಲನ್ನು ಬಂದ ದಿನವೇ ಎತ್ತಿಡುತ್ತೇವೆ. ನಲ್ಲಿ ಸೋರುತ್ತಿದೆ ಎಂದು ಫೋನು ಬಂದರೆ ಮರುದಿನ ಪ್ಲಂಬರ್ ಹೋಗಿರುತ್ತಾನೆ.

ಹಿಂದಿನ ಬಿಡಾರಕ್ಕೆ ಬಂದವರು ತಾಯಿ ಮತ್ತು ಮಗಳು. ಮಗಳು ಬ್ಲೌಸ್ ಹೊಲಿಯುತ್ತಾಳೆ. ಗಾಜಿನ ಹೆಂಚಿನ ಕೆಳಗೆ ಒಲೆಯ ಪಕ್ಕಕ್ಕೇ ಮೆಷಿನ್ ಇಟ್ಟುಕೊಂಡಿದ್ದಾಳೆ. ದಾರ ಪೋಣಿಸಲು ಅಲ್ಲಿನ ಬೆಳಕೇ ಚೆನ್ನಾಗಿದೆಯಂತೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಮದುವೆಗಳೆಲ್ಲ ನಿಂತಾಗ ಅವಳ ಮೆಷಿನ್ನೂ ನಿಂತಿತು. ಬ್ಯಾಂಕಿನ ಕಂತು ಮುಂದೂಡಲು ಆಗ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು, ಆದರೆ ಮುಂದೂಡಿದ ತಿಂಗಳ ಬಡ್ಡಿ ಸಾಲಕ್ಕೇ ಸೇರುತ್ತಿತ್ತು. ನಾವು ಎತ್ತಿಟ್ಟ ಹಣದಲ್ಲಿ ಕಂತು ಕಟ್ಟಿಕೊಂಡು, ಅವಳ ಎರಡು ತಿಂಗಳ ಬಾಡಿಗೆ ಬಿಟ್ಟೆವು. ಆ ಹಣ ಪಕ್ಕಕ್ಕಿಲ್ಲದಿದ್ದರೆ ಮನಸ್ಸಿದ್ದರೂ ಬಿಡಲಾಗುತ್ತಿರಲಿಲ್ಲ. ಅದಕ್ಕೇ ಹೊಸಬರಿಗೆ ಹೇಳುತ್ತೇನೆ, ಆರು ತಿಂಗಳ ಕಂತಿನಷ್ಟು ಹಣ ಕೈಯಲ್ಲಿ ಉಳಿಯದಿದ್ದರೆ ಮನೆ ಕೊಳ್ಳುವುದನ್ನು ಇನ್ನೆರಡು ವರ್ಷ ಮುಂದೂಡಿ. ಮಾಲೀಕ ಉಸಿರುಗಟ್ಟಿದರೆ ಆ ಬಿಗಿ ಬಾಡಿಗೆದಾರನ ಕುತ್ತಿಗೆಗೇ ಬರುತ್ತದೆ.

ಕಳೆದ ಆಗಸ್ಟಿನಲ್ಲಿ ಮೂರು ದಿನ ಬಿಡದೆ ಮಳೆ ಹಿಡಿದಿತ್ತು. ನಾಲ್ಕನೆಯ ದಿನ ಸಂಜೆ ಮನೆ ನೋಡಿ ಬರೋಣವೆಂದು ಹೋದೆ. ಮುಂದಿನ ಮನೆಯಲ್ಲಿ ಈಗ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಣ್ಣುಮಗಳ ಸಂಸಾರವಿದೆ. ನಡುಮನೆಯಲ್ಲಿ ಕೂರಿಸಿ ಕಾಫಿ ತರಲು ಒಳಗೆ ಹೋದಳು. ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು, ಎಲ್ಲರ ಮನೆಯಲ್ಲಿ ಇರುವಂತೆ ಕಣ್ಣಿನ ಮಟ್ಟಕ್ಕೆ. ಹಾಲು ಬರದ ದಿನಗಳಿಗೆ ಅಡ್ಡಗೆರೆ, ಸಿಲಿಂಡರ್ ಬಂದ ದಿನಕ್ಕೊಂದು ಸುತ್ತು, ಅವಳ ನೈಟ್ ಡ್ಯೂಟಿಯ ದಿನಗಳಿಗೆ ಚುಕ್ಕಿ. ನಾನು ಎದ್ದು ಹೋಗಿ ಅದರ ಕೆಳಗೆ, ಸೊಂಟದ ಮಟ್ಟಕ್ಕೆ, ಅಂಗೈಯನ್ನು ಗೋಡೆಯ ಮೇಲಿಟ್ಟೆ. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಗೋಡೆ ಒಣಗಿತ್ತು.